ಬಾಯಿ ಯಾರದು, ಕೈ ಯಾರದು?

"ಬಂತು ನೋಡಿ, ಮತ್ತೆ ಬಂತು!"

ಈರುಳ್ಳಿ ಹೆಚ್ಚುತ್ತಿದ್ದ ಕಾಂದೆಂಗ್ ಚಾಕು ಕೆಳಗಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಅಡಿಗೆಮನೆಯ ಮೇಜಿನ ಮೇಲಿದ್ದ ತೆಲ್ಯಾಳ ಫೋನು ಗುಂಯ್ ಎಂದು ಒಮ್ಮೆ ನಡುಗಿ ಸುಮ್ಮನಾಗಿತ್ತು.

ತೆಲ್ಯಾ ಕನ್ನಡಕ ಏರಿಸಿಕೊಂಡು ಓದಿದಳು. "ಪುಟ: ನೀರಿನ ಪಂಪು. 'ಗುಂಡಿ ಒತ್ತಿದ ಕೂಡಲೇ' ಅಂತಿದ್ದದ್ದನ್ನ 'ಪಂಪಿನ ಸದ್ದು ಒಂದೇ ಸಮ ಆದ ಮೇಲೆ' ಅಂತ ತಿದ್ದಿದೆ. ತಿದ್ದಿದವರು, ರೊಮುಲೊ ಸೊಬ್ರೆವೇಗ."

"ಯೇಸುವೇ! ಮುಲೊ ಬದುಕಿದ್ದಾಗಲೂ ಇಷ್ಟು ಕೆಲಸ ಮಾಡ್ತಿರಲಿಲ್ಲ" ಎಂದಳು ಕಾಂದೆಂಗ್. ನಗಲು ಹೋದಳು, ನಗು ಬರಲಿಲ್ಲ.

ರೊಮುಲೊ ಸೊಬ್ರೆವೇಗ, ಎಲ್ಲರ ಬಾಯಲ್ಲಿ ಮುಲೊ, ಮಣ್ಣು ಸೇರಿ ಇವತ್ತಿಗೆ ನಲವತ್ತನೇ ದಿನ. ಊರಿನ ಐಸ್ ಕಾರ್ಖಾನೆಯ ಶೀತಲ ಕೋಣೆಯಲ್ಲಿ ಅಮೋನಿಯಾ ಕೊಳವೆ ಒಡೆದು ಅವನು ಸತ್ತ. ಪಕ್ಕದಲ್ಲಿದ್ದ ಕೂಲಿಯ ಹುಡುಗನ ಎರಡೂ ಕಣ್ಣು ಹೋದವು. ಅಲ್ಲಿಂದ ಶುರುವಾಯಿತು, ಸತ್ತವನ ಹೆಸರಲ್ಲಿ ಸುಗೊ ಕೈಪಿಡಿಗೆ ತಿದ್ದುಪಡಿ ಬರುವ ಈ ಕಾಟ.

ಸುಗೊ ಅಂದರೆ ಇಲೊಯಿಲೊ ಕಡೆಯ ಮಾತಿನಲ್ಲಿ ಆಳಿಗೆ ಒಪ್ಪಿಸಿದ ಕೆಲಸ. ಪಂಪು, ಫ್ಯಾನು, ವಾಲ್ವುಗಳನ್ನು ತಾವಾಗಿ ನಡೆಯುವಂತೆ ಮಾಡುವ ತಂತ್ರಾಂಶಕ್ಕೆ ಅದೇ ಹೆಸರು. ಅದು ಯಾರಪ್ಪನ ಆಸ್ತಿಯೂ ಅಲ್ಲ. ಬೇಕಾದವರು ಬಿಟ್ಟಿಯಾಗಿ ತೆಗೆದುಕೊಳ್ಳಬಹುದು, ಬಲ್ಲವರು ತಿದ್ದಬಹುದು. ಸೀಗಡಿ ಕೊಳದವರು, ಅಕ್ಕಿ ಗಿರಣಿಯವರು, ಐಸಿನವರು ಎಲ್ಲರೂ ಅದನ್ನೇ ನಂಬಿದ್ದಾರೆ. ಅದನ್ನು ಹೇಗೆ ನಡೆಸಬೇಕೆಂದು ಹೇಳುವ ಕೈಪಿಡಿ ಅಂತರಜಾಲದಲ್ಲಿದೆ. ಆ ಕೈಪಿಡಿಯನ್ನು ಹೆತ್ತ ಮಗುವಿನಂತೆ ಸಾಕಿದವನು ಮುಲೊ.

ಈಗ ಊರೆಲ್ಲ ಅದೇ ಕೈಪಿಡಿಯನ್ನು ತೋರಿಸಿ ಅವನ ಗೋರಿಯ ಮೇಲೆ ಉಗಿಯುತ್ತಿತ್ತು. ಶೀತಲ ಕೋಣೆಯ ಪುಟದಲ್ಲಿ 'ಮುಳ್ಳು ಕೆಳಗಿಳಿಯುವವರೆಗೆ ಕಾಯಬೇಕು' ಎಂದು ಕೊಳವೆಯ ಒತ್ತಡ ತೋರುವ ಮುಳ್ಳಿನ ಬಗ್ಗೆ ಒಂದು ಸಾಲು ಇರಬೇಕಿತ್ತು. ಕೊಳವೆ ಒಡೆಯುವ ಹಿಂದಿನ ದಿನ ಅದನ್ನು ಯಾರೋ ಅಳಿಸಿದ್ದರು. ಅಳಿಸಿದವರ ಹೆಸರಿನ ಜಾಗದಲ್ಲಿ ಇದ್ದದ್ದು ಮುಲೊನ ಹೆಸರೇ. ತಾನೇ ತಪ್ಪು ಬರೆದ, ತಾನೇ ಅದರಂತೆ ನಡೆದು ಸತ್ತ, ಪಾಪದ ಹುಡುಗನ ಕಣ್ಣನ್ನೂ ಕಿತ್ತುಕೊಂಡ ಎಂದು ಜನ ತೀರ್ಪು ಕೊಟ್ಟಾಗಿತ್ತು.

ಒಳಕೋಣೆಯಿಂದ ಮಿನ್ಯಾ ಮೇಣದಬತ್ತಿ ಹಿಡಿದು ಬಂದಳು. ಮುಲೊನ ಹೆಂಡತಿ ಹೆರ್ಮಿನಿಯಾ. ಮೊದಲೇ ಸಣಕಲು ಜೀವ. ಕಪ್ಪು ಬಟ್ಟೆಯಲ್ಲಿ ಇನ್ನೂ ಇಳಿದುಹೋಗಿದ್ದಳು.

"ಫೋನು ಸದ್ದಾಯ್ತಲ್ಲ. ಅವರಾ?" ಎಂದಳು.

"ಅವರ ಹೆಸರು" ಎಂದಳು ತೆಲ್ಯಾ. ಇಪ್ಪತ್ತೈದು ವರ್ಷ ವಿಮೆ ಕಂಪನಿಗೆ ಸುಟ್ಟ ಗೋದಾಮು, ಮುಳುಗಿದ ದೋಣಿ ಎಂದು ತನಿಖೆ ಮಾಡಿದ ಹೆಂಗಸು ಅವಳು; ಗಂಡನ ಸಾವಿನ ಸತ್ಯ ಹುಡುಕಲು ಮಿನ್ಯಾ ಅವಳನ್ನು ಕರೆಸಿದ್ದಳು. ಕಣ್ಣಲ್ಲಿ ಕಂಡದ್ದನ್ನೇ ಪೂರ್ತಿ ನಂಬದ ಜಾತಿ. ಆದರೂ ಮುಲೊನ ಖಾಲಿ ಕುರ್ಚಿಯ ಬೆನ್ನಿಗೆ ಬೆಳಗಿನಿಂದ ಅಂಟಿ ಕೂತಿದ್ದ ಕರಿ ಪತಂಗವನ್ನು ಓಡಿಸಲು ಅವಳಿಗೂ ಕೈ ಬಂದಿರಲಿಲ್ಲ. ಸತ್ತವರು ಹಾಗೆ ಬರುತ್ತಾರೆ ಅಂತ ಅವಳ ಅಜ್ಜಿ ಹೇಳುತ್ತಿದ್ದಳು. ಅಜ್ಜಿ ವಿಮೆ ಕಂಪನಿಯಲ್ಲಿ ಕೆಲಸ ಮಾಡಿದವಳಲ್ಲ.

ಮಿನ್ಯಾ ಆ ಕುರ್ಚಿಯ ಮುಂದೆ ತಟ್ಟೆ ಇಟ್ಟು, ಚಮಚ ಇಟ್ಟು, ಬತ್ತಿ ನಿಲ್ಲಿಸಿ, ಅಕ್ಕನನ್ನು ಕರೆಯುವಂತೆ ತೆಲ್ಯಾಳನ್ನು ಕರೆದಳು.

"ಮನಂಗ್, ಹೊತ್ತು ಮುಳುಗಿದ ಮೇಲೆ ಅವರು ಈ ಮನೆ ಬಿಟ್ಟು ಹೋಗಿಬಿಡ್ತಾರೆ. ನಲವತ್ತರ ಮೇಲೆ ಯಾರೂ ನಿಲ್ಲಲ್ಲ. ಕೊಲೆಗಾರ ಅನ್ನಿಸ್ಕೊಂಡು ಹೋಗಬಾರದು. ನನಗೆ ಬೇರೇನೂ ಬೇಡ."

"ಅದಕ್ಕೇ ತಾನೇ ನಾನು ಬಂದಿರೋದು" ಎಂದಳು ತೆಲ್ಯಾ. ತನ್ನ ದನಿಯಲ್ಲಿ ಧೈರ್ಯ ಕಡಿಮೆ ಇದ್ದದ್ದು ಅವಳಿಗೇ ಕೇಳಿಸಿತು.

"ಇವತ್ತಿನ ನಲವತ್ತರ ಊಟಕ್ಕೆ ಯಾರಾದ್ರೂ ಬರ್ತಾರೇನೇ?" ಕಾಂದೆಂಗ್ ಕೇಳಿದಳು. "ಒಂಬತ್ತು ದಿನದ ಪ್ರಾರ್ಥನೆಗೂ ನಾನೊಬ್ಬಳೇ. ಪಾದ್ರಿಗೂ ಕೆಮ್ಮು ಬಂದುಬಿಡ್ತು ಆವತ್ತು!"

ಮಾತು ನಿಜ. ಕಾಂದೆಂಗ್ ಐಸ್ ಕಾರ್ಖಾನೆಯ ಮ್ಯಾನೇಜರು. ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಈ ಮನೆಯ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಬಂದವಳು ಸುಮ್ಮನೆ ಕೂರುವವಳಲ್ಲ. ದೊಡ್ಡ ಬಾಣಲೆಯಲ್ಲಿ ಅಂಟಕ್ಕಿಯ ವಲೆನ್ಸಿಯಾನ ಬೇಯುತ್ತಿತ್ತು. ಮುಚ್ಚಳ ತೆಗೆದು ನೋಡುವುದು, ಉರಿ ಏರಿಸುವುದು, ಮತ್ತೆ ತೆಗೆದು ನೋಡುವುದು.

"ಬಿಡ್ರೀ, ತಳ ಹಿಡಿಯುತ್ತೆ" ಎಂದಳು ತೆಲ್ಯಾ.

"ಕಾಯೋದು ಅಂದ್ರೆ ನನಗಾಗಲ್ಲ ಮನಂಗ್. ದೋಣಿಯೋರು ಐಸಿಗೆ ಬಂದು ಬೊಬ್ಬೆ ಹೊಡೆಯೋದು ಕೇಳಿ ಕೇಳಿ ಅಭ್ಯಾಸ. ಎಲ್ಲಾ ಬೇಗ ಆಗ್ಬೇಕು." ಅವಳು ಶಾವಿಗೆಯ ಪೊಟ್ಟಣ ಎತ್ತಿ ತೆಲ್ಯಾಳ ಕೈಗೆ ತುರುಕಿದಳು. "ಇದೇನೋ ಹೊಸ ನಮೂನೆ. ಓದಿ ಹೇಳಿ, ಮಿನ್ಯಾ ಮಾಡ್ತಾಳೆ."

ತೆಲ್ಯಾ ಓದಿದಳು. "ಪಾತ್ರೆಗೆ ಬಿಸಿನೀರು ಹಾಕಿ." ಮಿನ್ಯಾ ಹಾಕಿದಳು. "ಶಾವಿಗೆ ಮುಳುಗಿಸಿ." ಮುಳುಗಿಸಿದಳು. ಅಷ್ಟರಲ್ಲಿ ಬಾಣಲೆಯ ಕಡೆಯಿಂದ ಸೀದ ವಾಸನೆ ಬಂದು ತೆಲ್ಯಾ ಅತ್ತ ತಿರುಗಿದಳು. ಕಾಂದೆಂಗ್‌ಗೂ ಅವಳಿಗೂ ಉರಿಯ ವಿಷಯದಲ್ಲಿ ಜಗಳವಾಯಿತು. ತಿರುಗಿ ನೋಡಿದರೆ ಮಿನ್ಯಾ ಎರಡೂ ಕೈಯನ್ನು ಪಾತ್ರೆಯ ಮೇಲೆ ಗಾಳಿಯಲ್ಲಿ ಹಿಡಿದು ನಿಂತಿದ್ದಾಳೆ. ಶಾವಿಗೆ ಅಂಬಲಿಯಾಗಿದೆ.

"ತೆಗಿಯೋದಲ್ವೇನ್ರೀ ಮಾರಾಯ್ತಿ!" ಎಂದು ತೆಲ್ಯಾ ಕೂಗಿದಳು.

"ನೀವು ಮುಂದಕ್ಕೆ ಓದ್ಲಿಲ್ಲವಲ್ಲ" ಎಂದಳು ಮಿನ್ಯಾ.

ಮೂವರೂ ನಕ್ಕರು. ಆ ಮನೆಯಲ್ಲಿ ನಲವತ್ತು ದಿನದಲ್ಲಿ ಅದೇ ಮೊದಲ ನಗುವಿರಬೇಕು.

ಹೊರಗೆ ಬಾಡಿಗೆಯ ಟ್ರೈಸಿಕಲ್ಲು ಬಂದು ನಿಂತಿತು. ಜೋಮಾರ್ ಇಳಿದ. ಕೈಪಿಡಿಯ ಇನ್ನೊಬ್ಬ ಪಾಲಕ ಅವನು, ಇಲೊಯಿಲೊ ಪಟ್ಟಣದಲ್ಲಿ ಕೆಲಸ, ಮುಲೊನ ಶಿಷ್ಯ. ಯಾರು ಏನೇ ತಿದ್ದಿದರೂ ಅದು ಆ ಕ್ಷಣವೇ ಎಲ್ಲರಿಗೂ ಕಾಣುತ್ತಿತ್ತು, ಆದರೆ ಇವನು ಒಪ್ಪಿಗೆ ಕೊಡದೆ ಕೈಪಿಡಿಗೆ ಸೇರುತ್ತಿರಲಿಲ್ಲ. ಮೀನು ಹಿಡಿಯುವ ಬೆಕ್ಕಿನಂತೆ ತೆಲ್ಯಾ ಕಾದಿದ್ದದ್ದು ಇವನನ್ನೇ.

"ಕಾಂದೆಂಗ್, ಕಾರ್ಖಾನೆ ಕೀ ಕೊಡ್ತೀರಾ? ಈ ಹುಡುಗನ ಹತ್ತಿರ ಅಲ್ಲಿನ ಯಂತ್ರ ಒಂದ್ಸಲ ಅರ್ಥ ಮಾಡ್ಕೋಬೇಕು."

ಕಾಂದೆಂಗ್ ಸೊಂಟದ ಗೊಂಚಲಿನಿಂದ ಕೀ ಬಿಚ್ಚಿ ಕೊಟ್ಟಳು. "ತಗೊಳ್ಳಿ, ನಂದೇನು ಮುಚ್ಚುಮರೆ? ಊಟದ ಹೊತ್ತಿಗೆ ಬಂದ್ಬಿಡಿ."

*

ಐಸ್ ಕಾರ್ಖಾನೆ ಬಂದರಿನ ಪಕ್ಕದಲ್ಲೇ. ಅನಿಲವನ್ನೆಲ್ಲ ಸರ್ಕಾರದವರು ಖಾಲಿ ಮಾಡಿ ಹೋಗಿದ್ದರು. ಆದರೂ ಒಳಗೆ ಕಾಲಿಟ್ಟರೆ ಮೂಗಿಗೆ ಉರಿ, ಕಣ್ಣಿಗೆ ನೀರು. ಸತ್ತವನ ಉಸಿರು ಇನ್ನೂ ಇಲ್ಲೇ ಇದೆಯೇನೋ ಅನ್ನಿಸಿ ತೆಲ್ಯಾ ತೋಳು ಉಜ್ಜಿಕೊಂಡಳು.

"ಮೊದಲು ಬಂದಿದ್ಯೇನೋ ಇಲ್ಲಿಗೆ?"

"ಇಲ್ಲ ಮನಂಗ್. ಇದೇ ಮೊದಲು. ನಾವು ದೂರದಿಂದಲೇ ಕೆಲಸ ಮಾಡೋದು."

ಯಂತ್ರಗಳನ್ನು ನಡೆಸುವ ಕೋಣೆ ಚಿಕ್ಕದು. ಒಂದು ಮೇಜು, ಒಂದು ಕಂಪ್ಯೂಟರು, ಎರಡು ಕುರ್ಚಿ, ಎದುರು ಗೋಡೆಗೆ ದೊಡ್ಡದೊಂದು ಮಾತೆ ಮೇರಿಯ ಕ್ಯಾಲೆಂಡರು. ವಾಲ್ವುಗಳಿಗೆ ಹೋಗುವ ತಂತಿಗಳನ್ನು ಕತ್ತರಿಸಿದ್ದರು. ಇಲ್ಲಿ ಏನು ಒತ್ತಿದರೂ ಈಗ ಏನೂ ಆಗುತ್ತಿರಲಿಲ್ಲ.

"ನೋಯ್, ತಮ್ಮಾ, ನನಗೊಂದು ಹೇಳು. ಸತ್ತವನು ಕಳಿಸಿದ ತಿದ್ದುಪಡಿಗೆಲ್ಲ ಒಪ್ಪಿಗೆ ಕೊಡ್ತಾ ಇದ್ದೀಯಲ್ಲ, ಹೆದರಿಕೆ ಆಗಲ್ವಾ?"

"ಆಗುತ್ತೆ." ಜೋಮಾರ್ ಕುರ್ಚಿಯ ಅಂಚಿನಲ್ಲಿ ಕೂತ. "ತಿರಸ್ಕರಿಸೋಣ ಅಂದ್ರೆ ಒಂದರಲ್ಲೂ ತಪ್ಪಿಲ್ಲ. ಅದೇ ಮಾತು, ಅದೇ ಸಿಡುಕು. ಯಾರಾದ್ರೂ 'ಕೂಡಲೇ' ಅಂತ ಬರೆದ್ರೆ ಅವರಿಗೆ ಮೈ ಉರೀತಿತ್ತು. ಈಗ ಬರ್ತಿರೋ ತಿದ್ದುಪಡಿಯೆಲ್ಲ ಅದೇ, 'ಕೂಡಲೇ' ತೆಗೆದು 'ಕಾದು' ಅಂತ ಹಾಕೋದು. ಒಪ್ಪದೆ ಏನು ಮಾಡ್ಲಿ?"

"ಒಂದು ಮಾತ್ರ ಮುಲೊನ ರೀತಿ ಅಲ್ಲ. ಬಾಯಿ, ಕೈ ಎರಡೂ ಜಾಗ ಖಾಲಿ."

ಜೋಮಾರ್ ಕೀಲಿಮಣೆಯ ಮೇಲಿನ ಧೂಳು ಒರೆಸತೊಡಗಿದ.

ಬಾಯಿ, ಕೈ ಅನ್ನುವುದು ಮುಲೊ ಹಾಕಿಕೊಟ್ಟ ಪದ್ಧತಿ. ಕೈಪಿಡಿಯ ಯಾವ ಪುಟವನ್ನೂ ಇಬ್ಬರು ಕೂತು ನಡೆಸಿ ನೋಡದೆ ಸರಿ ಅನ್ನುವಂತಿಲ್ಲ. ಒಬ್ಬರು ಬಾಯಿ, ಪುಟದಲ್ಲಿದ್ದದ್ದನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಕೈ, ಓದಿದ್ದನ್ನು ಯಂತ್ರದ ಮೇಲೆ ಮಾಡಬೇಕು, ಓದಿದ್ದನ್ನಷ್ಟೇ. ಕೈ ತನ್ನ ಬುದ್ಧಿ ಉಪಯೋಗಿಸಬಾರದು. ಯಾಕೆಂದರೆ ಬಲ್ಲವರ ತಲೆ ಬಿಟ್ಟುಹೋದ ಸಾಲನ್ನು ತಾನೇ ತುಂಬಿಕೊಂಡುಬಿಡುತ್ತದೆ, ಪುಟದ ತಪ್ಪು ಯಾರಿಗೂ ಕಾಣುವುದಿಲ್ಲ. ತಲೆಯ ಮೇಲೆ ಸೂರು ಬಿದ್ದರೂ ಕೈ ಕೇಳಬೇಕಾದದ್ದು ಬಾಯಿಯ ಮಾತನ್ನು ಮಾತ್ರ. ಆಮೇಲೆ ಇಬ್ಬರ ಹೆಸರನ್ನೂ ಪುಟದ ಕೆಳಗೆ ಬರೆಯಬೇಕು.

"ಸರಿ, ನನಗೂ ಕಲಿಸು" ಎಂದಳು ತೆಲ್ಯಾ. "ನಾನು ಬಾಯಿ. ನೀನು ಕೈ. ಶೀತಲ ಕೋಣೆಯ ಪುಟ."

"ಯಾಕೆ ಮನಂಗ್? ಬೇಡ..."

"ತಂತಿ ಇಲ್ಲದ ಯಂತ್ರಕ್ಕೆ ಯಾಕಪ್ಪಾ ಭಯ?"

ಜೋಮಾರ್ ಕೀಲಿಮಣೆಯ ಮೇಲೆ ಬೆರಳಿಟ್ಟ. ತೆಲ್ಯಾ ಫೋನಿನಲ್ಲಿ ಪುಟ ತೆರೆದು ನಿಧಾನವಾಗಿ ಓದತೊಡಗಿದಳು. ಫ್ಯಾನು ನಿಲ್ಲಿಸಿ. ಬೆರಳು ಆಡಿದವು. ಬಾಗಿಲು ಮುಚ್ಚಿದೆಯೇ ಕೇಳಿ. ಆಡಿದವು. ದ್ರವದ ವಾಲ್ವು ಮುಚ್ಚಿ.

ಅಷ್ಟು ಓದಿ ತೆಲ್ಯಾ ನಿಲ್ಲಿಸಿದಳು. ಸಾಲು ಅಳಿಸಿದ್ದ ಜಾಗ ಅದೇ.

ಹೊರಗೆ ದೋಣಿಯ ಎಂಜಿನ್ನು ಎಲ್ಲೋ ದೂರದಲ್ಲಿ ಟಪಟಪ ಎನ್ನುತ್ತಿತ್ತು. ಜೋಮಾರ್ ಪರದೆ ನೋಡಲಿಲ್ಲ. ತೆಲ್ಯಾಳ ಮುಖ ನೋಡಲಿಲ್ಲ. ಅವನ ತಲೆ ತಾನಾಗಿ ತಿರುಗಿ, ಎದುರು ಗೋಡೆಯ ಕ್ಯಾಲೆಂಡರಿನ ಮೇಲೆ ನಿಂತಿತು. ಅಲ್ಲಿಂದ ಯಾರೋ ಬಡಿಯುತ್ತಾರೆ ಅನ್ನುವ ಹಾಗೆ ಹೆಗಲು ಮುದುಡಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅಂತಲೂ ಅಂದಿರಲಿಲ್ಲ.

ತೆಲ್ಯಾ ಎದ್ದು ಹೋಗಿ ಕ್ಯಾಲೆಂಡರನ್ನು ಎತ್ತಿ ಹಿಡಿದಳು. ಹಿಂದೆ ಹೊಸ ಹಲಗೆ, ಹೊಸ ಮೊಳೆ. ಹಲಗೆಯ ಸುತ್ತ ಹಳೆಯ ಕಿಟಕಿಯ ಚೌಕಟ್ಟು. ಆ ಕಿಟಕಿಯ ಆಚೆಗೆ ಶೀತಲ ಕೋಣೆ.

"ಈ ಕಿಟಕಿ ಮುಚ್ಚಿದ್ದು ಮುಲೊ ಸತ್ತ ಮೇಲೆ. ಈಗ ಬಂದವರಿಗೆ ಇದು ಬರೀ ಗೋಡೆ. ನೀನು ಇದೇ ಮೊದಲ ಸಲ ಬರ್ತಿರೋನು. ಇಲ್ಲೊಂದು ಕಿಟಕಿ ಇತ್ತು ಅಂತ ಯಾವ ದೇವದೂತ ಬಂದು ಹೇಳಿದ್ನಪ್ಪಾ ನಿನಗೆ?"

ಜೋಮಾರ್‌ನ ತುಟಿ ಅದುರಿತು. ಆಮೇಲೆ ಅವನು ಮುಖ ಮುಚ್ಚಿಕೊಂಡು ಅತ್ತ. ದೊಡ್ಡ ಹುಡುಗ, ಮೀಸೆ ಬಂದವನು, ಬಿಕ್ಕಿ ಬಿಕ್ಕಿ ಅತ್ತ. ತೆಲ್ಯಾಗೆ ಗೆದ್ದ ಖುಷಿಯೇನೂ ಆಗಲಿಲ್ಲ.

"ನಾನು ಬಾಯಿ" ಎಂದ ಕೊನೆಗೆ. "ಆವತ್ತು ಓದಿದ್ದು ನಾನು. ದ್ರವದ ವಾಲ್ವು ಮುಚ್ಚಿ ಅಂತ ಓದ್ದೆ. ಮುಂದಿನ ಸಾಲು ಬಿಸಿ ಅನಿಲ ಬಿಡಿ ಅಂತಿತ್ತು, ಓದ್ದೆ. ಮನೋಂಗ್ ಮುಲೊ ಕಿಟಕಿ ಬಡಿದ್ರು. ಎರಡೂ ಕೈಯಲ್ಲಿ ಬಡಿದ್ರು. ಏನೋ ಕೂಗಿದ್ರು."

"ನಿಲ್ಸು ಅಂತ ಒಂದು ಮಾತು ಹೇಳೋಕಾಗಲಿಲ್ವೇನೋ?"

"ಪರೀಕ್ಷೆ ಮಾಡ್ತಿದಾರೆ ಅಂದ್ಕೊಂಡೆ ಮನಂಗ್! ಯಾವಾಗಲೂ ಹಾಗೇ ಮಾಡ್ತಿದ್ರು. ಬೇಕಂತಲೇ ಕೂಗೋದು, ಬಾಗಿಲು ಬಡಿಯೋದು. ಕೈ ಅಲುಗಾಡಿದ್ರೆ ಬೈಯೋರು. ಪುಟ ಹೇಳಿದ್ದಷ್ಟೇ ಮಾಡ್ಬೇಕು ಕಣೋ, ನಾನು ಹೇಳಿದ್ದೂ ಅಲ್ಲ ಅನ್ನೋರು. ನಾನು ಕಿಟಕಿ ಕಡೆ ನೋಡಿ ನಕ್ಕೆ. ನಕ್ಕೆ ಮನಂಗ್."

ತೆಲ್ಯಾ ಕ್ಯಾಲೆಂಡರು ಬಿಟ್ಟು ಬಂದು ಕುರ್ಚಿಯಲ್ಲಿ ಕೂತಳು. ಎಂಥ ಸಾವಪ್ಪಾ! ತಾನೇ ಕಲಿಸಿದ ಪಾಠ ತನ್ನ ಕೂಗನ್ನೇ ಕೇಳದ ಹಾಗೆ ಮಾಡಿತಲ್ಲ.

ಆದರೂ ಅವಳ ತಲೆ ಮತ್ತೆ ಓಡಿತು. ಊರವರೆಲ್ಲ ಈ ಯಂತ್ರದ ಕೋಣೆಯಲ್ಲಿ ಮುಲೊ ಒಬ್ಬನೇ ಇದ್ದ, ತಾನೇ ಗುಂಡಿ ಒತ್ತಿ ಒಳಗೆ ಹೋದ ಅಂದಿದ್ದರು. ಮುಲೊ ಕಿಟಕಿಯ ಆಚೆ. ಜೋಮಾರ್ ಓದುತ್ತಿದ್ದ.

"ಹಾಗಾದ್ರೆ ಕೈ ಯಾರು?"

ಜೋಮಾರ್ ತಲೆ ಅಲ್ಲಾಡಿಸಿದ. "ಅದೊಂದು ಕೇಳಬೇಡಿ."

"ಈ ಕೀಲಿಮಣೆ ಮೇಲೆ ಯಾರ ಬೆರಳಿತ್ತು?"

"ಕಾಲು ಹಿಡ್ಕೊಳ್ತೀನಿ ಮನಂಗ್. ಅವರು ಹೇಳು ಅಂದ್ರೂ ನಾನು ಹೇಳಲ್ಲ. ಅವರ ತಪ್ಪು ಒಂದು ಸಾಸಿವೆಯಷ್ಟೂ ಇಲ್ಲ. ನಾನೇ ಅವರನ್ನ ಹಿಂಬಾಗಿಲಿಂದ ಕಳಿಸ್ದೆ. ಯಾರಿಗೂ ಹೇಳಬೇಡಿ ಅಂತ ನಾನೇ ಆಣೆ ಹಾಕಿಸ್ದೆ."

ತೆಲ್ಯಾಳ ಫೋನು ಗುಂಯ್ ಎಂದಿತು. ಅದೇ ಕ್ಷಣ ಜೋಮಾರ್‌ನ ಜೇಬಿನಲ್ಲೂ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇಷ್ಟು ದಿನ ತೆಲ್ಯಾಳ ಮನಸ್ಸಿನಲ್ಲಿ ಆ ಭೂತಕ್ಕೆ ಜೋಮಾರ್‌ನ ಮುಖವೇ ಇತ್ತು. ಭೂತದ ಎರಡೂ ಕೈ ಈಗ ಅವಳ ಕಣ್ಣೆದುರೇ ಕಣ್ಣೀರು ಒರೆಸಿಕೊಳ್ಳುತ್ತಿದ್ದವು.

ಪುಟ: ಶೀತಲ ಕೋಣೆ. ತಿದ್ದಿದವರು, ರೊಮುಲೊ ಸೊಬ್ರೆವೇಗ. ಅಳಿಸಿದ್ದ ಸಾಲು ತನ್ನ ಜಾಗಕ್ಕೆ ಮರಳಿತ್ತು: 'ಮುಳ್ಳು ಕೆಳಗಿಳಿಯುವವರೆಗೆ ಕಾಯಬೇಕು. ಯಾರು ಎಷ್ಟೇ ಅವಸರ ಮಾಡಿದರೂ ಕಾಯಬೇಕು.'

ಪುಟದ ಕೆಳಗೆ ಮೊದಲ ಸಲ ಹೆಸರುಗಳಿದ್ದವು.

'ಅನಾಹುತದ ದಿನ ಬಾಯಿ: ಜೋಮಾರ್. ಕೈ: ಹೆರ್ಮಿನಿಯಾ ಸೊಬ್ರೆವೇಗ. ರೊಮುಲೊ ಈ ಸಾಲನ್ನು ಅಳಿಸಲಿಲ್ಲ. ಅಳಿಸಿದವರು ಯಾರೆಂದು ಇವತ್ತು ನಲವತ್ತರ ಊಟದ ಮೇಜಿನಲ್ಲಿ ಎಲ್ಲರ ಮುಂದೆ ಹೇಳುತ್ತೇನೆ.'

ತೆಲ್ಯಾಗೆ ಅಂಬಲಿಯಾದ ಶಾವಿಗೆ ನೆನಪಾಯಿತು. ಪಾತ್ರೆಯ ಮೇಲೆ ಗಾಳಿಯಲ್ಲಿ ಹಿಡಿದ ಆ ಎರಡು ಕೈ. ನೀವು ಮುಂದಕ್ಕೆ ಓದ್ಲಿಲ್ಲವಲ್ಲ. ಎಷ್ಟು ವರ್ಷ ಗಂಡನಿಗೆ ಕೈಯಾಗಿ ಕೂತಿದ್ದಳೋ ಅವಳು! ಫೋನು ಸದ್ದಾದಾಗೆಲ್ಲ ಮಿನ್ಯಾ ಒಳಕೋಣೆಯಲ್ಲೇ ಇರುತ್ತಿದ್ದಳು. ಮೇಣದಬತ್ತಿ ತರಲು, ಜಪಮಾಲೆ ತರಲು, ಹಳೆ ಪೆಟ್ಟಿಗೆಯಿಂದ ಮೇಜುಬಟ್ಟೆ ತರಲು. ಗಂಡನ ಕಂಪ್ಯೂಟರು ಇದ್ದದ್ದೂ ಅಲ್ಲೇ.

ಅವನನ್ನು ಕೊಂದ ಕೈ ತನ್ನದೇ ಎಂದು ಬಾಯಿಬಿಟ್ಟು ಹೇಳಲಾಗದೆ ಆ ಹೆಂಗಸು ದುಡ್ಡು ಕೊಟ್ಟು ತೆಲ್ಯಾಳನ್ನು ಪತ್ತೇದಾರಿಕೆಗೆ ಕರೆಸಿದ್ದಳು. ಯಾರಾದರೂ ಹಿಡಿಯಲಿ ಅಂತ. ಯಾರೂ ಹಿಡಿಯದೆ ಹೊತ್ತು ಮುಳುಗುತ್ತ ಬಂದಾಗ, ಗಂಡನ ಹೆಸರು ಬಿಡಿಸಿಕೊಳ್ಳಲು ತನ್ನ ಹೆಸರನ್ನೇ ಅಡವಿಟ್ಟಳು. ತೆಲ್ಯಾಳ ಕಣ್ಣು ತುಂಬಿತು. ಅದು ಅಮೋನಿಯಾದಿಂದಲ್ಲ.

"ಅಳಿಸಿದ್ದು ಯಾರೋ?" ಎಂದಳು. "ಒಪ್ಪಿಗೆ ಕೊಟ್ಟವನು ನೀನು. ಬೇಗ ಬೊಗಳು."

"ನಾನು ಓದದೆ ಒಪ್ಪಿಗೆ ಕೊಟ್ಟೆ. ಮನೋಂಗ್ ಮುಲೊ ಹೆಸರಲ್ಲಿ ಬಂದಿತ್ತಲ್ಲ. ಅದಕ್ಕೆ ಸರಿಯಾಗಿ ಫೋನೂ ಬಂತು, ಮುಲೊಗೆ ಕೈ ಬಿಡುವಿಲ್ಲ, ಬೇಗ ಒಪ್ಪಿಗೆ ಕೊಡಬೇಕಂತೆ, ದೋಣಿಯೋರು ಕಾಯ್ತಿದಾರೆ ಅಂತ. ಮನೋಂಗ್ ಮುಲೊ ಮನೆಯಿಂದ ತಂದ ಕಂಪ್ಯೂಟರನ್ನ ಕಾರ್ಖಾನೆ ಆಫೀಸಲ್ಲೇ ತೆರೆದಿಟ್ಟು ಯಂತ್ರ ನೋಡೋಕೆ ಹೋಗ್ತಿದ್ರು. ಯಾರು ಬೇಕಾದ್ರೂ ಆ ಕುರ್ಚಿಲಿ ಕೂರಬಹುದಿತ್ತು."

"ಫೋನ್ ಮಾಡಿದ್ದು ಯಾರು?"

"ಕಾಂದೆಂಗ್."

ಉರಿ ಏರಿಸುವ ಕೈ. ಮುಚ್ಚಳ ತೆಗೆದು ತೆಗೆದು ನೋಡುವ ಕೈ. ಕಾಯೋದು ಅಂದ್ರೆ ನನಗಾಗಲ್ಲ ಮನಂಗ್. ಊರೆಲ್ಲ ದೂರವಾದ ಮನೆಗೆ ಅವಳೊಬ್ಬಳೇ ದಿನವೂ ಯಾಕೆ ಬರುತ್ತಿದ್ದಳೆಂದು ತೆಲ್ಯಾ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಒಳ್ಳೆಯತನ ಅಂದುಕೊಂಡಿದ್ದಳು. ಮೂದೇವಿ ಎಂದು ತನ್ನನ್ನೇ ಬೈದುಕೊಂಡು ಮಿನ್ಯಾಳ ನಂಬರು ಒತ್ತಿದಳು.

ಬಹಳ ಹೊತ್ತು ಗಂಟೆಯಾಯಿತು.

"ಹಲೋ, ಮನಂಗ್ ತೆಲ್ಯಾ?" ಕಾಂದೆಂಗ್‌ಳ ದನಿ, ಎಂದಿನಂತೆ ಬೆಚ್ಚಗೆ.

"ಮಿನ್ಯಾಗೆ ಕೊಡಿ."

"ಅಯ್ಯೋ, ಅತ್ತು ಅತ್ತು ಈಗ ತಾನೇ ಮಲಗಿದಾಳೆ ಪಾಪ. ಎಬ್ಬಿಸೋಕೆ ಮನಸ್ಸು ಬರ್ತಿಲ್ಲ. ನಾನೇ ಒಂದು ಲೋಟ ಬಿಸಿ ಶುಂಠಿ ಕಷಾಯ ಕುಡಿಸಿ ಮಲಗಿಸ್ದೆ."

"ಎಬ್ಬಿಸಿ ಅವಳನ್ನ!"

"ಯಾಕಿಷ್ಟು ಅವಸರ ನಿಮಗೆ?" ಕಾಂದೆಂಗ್ ಮೆಲ್ಲಗೆ ನಕ್ಕಳು. "ನಿಧಾನವಾಗಿ ಬನ್ನಿ. ಪುಟದ ಕೆಳಗಿನ ಹೆಸರು ಓದ್ಕೊಂಡು ಊರಿನ ಜನ ಎಲ್ಲಾ ಬರ್ತಿದಾರೆ ಊಟಕ್ಕೆ, ಗೇಟಿನ ಹತ್ತಿರ ಆಗಲೇ ಗುಂಪು ಸೇರ್ತಾ ಇದೆ."

ಫೋನು ಕಟ್ಟಾಯಿತು.

ಜೋಮಾರ್ ಆಗಲೇ ಬಾಗಿಲಿಗೆ ಓಡಿದ್ದ. ತೆಲ್ಯಾ ಅವನ ಹಿಂದೆ ಹೊರಬಿದ್ದಳು. ಸೂರ್ಯ ಬಂದರಿನ ನೀರಿಗೆ ಇನ್ನೇನು ತಾಗುವುದರಲ್ಲಿದ್ದ. ಟ್ರೈಸಿಕಲ್ಲಿಗೆ ಕೈ ಎತ್ತುತ್ತಿದ್ದಾಗಲೇ ಅವಳ ಮುಷ್ಟಿಯಲ್ಲಿ ಫೋನು ಮತ್ತೆ ಗುಂಯ್ ಎಂದಿತು.

ಪುಟ: ಶೀತಲ ಕೋಣೆ. ಎರಡು ಸಾಲು ಅಳಿಸಲಾಗಿದೆ.

ರೊಮುಲೊ ಅಳಿಸಲಿಲ್ಲ ಎಂಬ ಸಾಲು ಹೋಗಿತ್ತು. ಊಟದ ಮೇಜಿನಲ್ಲಿ ಹೇಳುತ್ತೇನೆ ಎಂಬ ಸಾಲೂ ಹೋಗಿತ್ತು. ಮಿನ್ಯಾ ಮಲಗಿದ್ದಳು, ಮುಲೊನ ಕಂಪ್ಯೂಟರಿನ ಮೇಲೆ ಈಗ ಬೇರೆ ಕೈ ಇತ್ತು. ಪುಟದ ಕೆಳಗೆ ಉಳಿದದ್ದು ಎರಡೇ ಹೆಸರು. ಬಾಯಿ: ಜೋಮಾರ್. ಕೈ: ಹೆರ್ಮಿನಿಯಾ ಸೊಬ್ರೆವೇಗ.

ತಿದ್ದಿದವರು, ರೊಮುಲೊ ಸೊಬ್ರೆವೇಗ.